ಮುಂದಕ್ಕೆ ಒಂದು ಗಂಟು, ಹಿಂದಕ್ಕೆ ಎರಡು

ಸೀಮೆಎಣ್ಣೆಯ ವಾಸನೆ ಬಂದಾಗಲೆಲ್ಲ ಆಕೆಗೆ ತನ್ನ ತಾಯಿಯ ನೆನಪಾಗುತ್ತಿತ್ತು. ಚಿಕ್ಕವಳಿದ್ದಾಗ ಮನೆಯ ಮುಂದಿನ ರಸ್ತೆಗೆ ಡಾಂಬರು ಹಾಕಿದ್ದರು. ಬಿಸಿಲಿಗೆ ಮೆತ್ತಗಾದ ಡಾಂಬರಿನ ಮೇಲೆ ಬರಿಗಾಲಲ್ಲಿ ಓಡಿ, ಅಂಗಾಲೆಲ್ಲ ಕಪ್ಪು ಮಾಡಿಕೊಂಡು ಬಂದ ಮಗಳನ್ನು ತಾಯಿ ಒಂದು ಮಾತೂ ಬೈದಿರಲಿಲ್ಲ. ಮೆಟ್ಟಿಲ ಮೇಲೆ ಕೂರಿಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಪಾದಗಳನ್ನು ಉಜ್ಜಿದ್ದಳು. ಈಗ ಅಂಥದ್ದೇ ಬಟ್ಟೆ ಹಿಡಿದು ಆಕೆ ಗಂಡನ ಉಗುರು ಉಜ್ಜುತ್ತಿದ್ದಳು. ಬಲಗೈ ಮುಗಿದಿತ್ತು. ಎಡಗೈಯ ಹೆಬ್ಬೆರಳು ಮಾತ್ರ ಹಟ ಹಿಡಿದು ಕೂತಿತ್ತು.

"ಸಾಕು ಬಿಡಮ್ಮ," ಎಂದಳು ಮಗಳು. "ಆ ಕಪ್ಪು ಅಪ್ಪ ಇದ್ದಾಗಲೇ ಹೋಗಲಿಲ್ಲ."

"ಇದ್ದಾಗ ಕೈ ಒಂದು ಕಡೆ ನಿಲ್ತಿರಲಿಲ್ಲ. ಈಗ ಸುಮ್ನೆ ಉಜ್ಜಿಸಿಕೊಳ್ತಿದ್ದಾರೆ."

ಮಗಳು ಒಳಗೆ ಹೋಗಿ, ಬಟ್ಟೆಯ ಇನ್ನೊಂದು ಚೂರು ತಂದು ತಾಯಿಯ ಪಕ್ಕದಲ್ಲಿ ಇಟ್ಟಳು.

ಮುಂದಿನ ಕೋಣೆಯಲ್ಲಿ ಎರಡು ಬೆಂಚು ಜೋಡಿಸಿ ಅವುಗಳ ಮೇಲೆ ಶವದ ಪೆಟ್ಟಿಗೆ ಇಟ್ಟಿದ್ದರು. ಊರಲ್ಲಿ ರಿಪೇರಿ ಮೇಸ್ತ್ರಿಗಳಿಗೇನು ಬರವಿಲ್ಲ. ಆದರೆ ಮಣ್ಣು ಅಗೆಯುವ ಯಂತ್ರ ಇಟ್ಟುಕೊಂಡವರ ಬಾಯಲ್ಲಿ ಮೇಸ್ತ್ರಿ ಎಂದರೆ ಈತನೊಬ್ಬನೇ. ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಶೆಡ್ಡಿನ ಮೂಲೆಯಲ್ಲಿ, ಹಳೆಯ ಗಾಡಿಯ ಸೀಟಿನ ಮೇಲೆ, ಎಂದಿನಂತೆ ಕಣ್ಣು ಮುಚ್ಚಿದ್ದ. ಮಗಳು ಎಬ್ಬಿಸಲು ಹೋದಾಗ ಏಳಲಿಲ್ಲ. ಅಷ್ಟೇ. ನರಳಲಿಲ್ಲ, ಯಾರನ್ನೂ ಕೂಗಲಿಲ್ಲ. ಬಂದವರೆಲ್ಲ ಪುಣ್ಯವಂತ ಎಂದರು. ಆಕೆಗೂ ಹಾಗೇ ಅನ್ನಿಸಿತು. ಆದರೂ ಒಂದು ಸಲ ಕೂಗಬಹುದಿತ್ತು ಎಂದೂ ಅನ್ನಿಸಿತು.

ಹೆಬ್ಬೆರಳು ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿಕೊಳ್ಳಲು ಎದ್ದಾಗ ಕಿಟಕಿಯಾಚೆ ಕಣ್ಣು ಹೋಯಿತು. ರಸ್ತೆಯ ಆ ಬದಿಯಲ್ಲಿ, ಟಯರು ಅಂಗಡಿಯ ಗೋಡೆಗೆ ಒರಗಿ, ಊರುಗೋಲು ಹಿಡಿದು ಒಬ್ಬ ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಎಡಗಾಲಿನ ಬೂಟು ಬಲಗಾಲಿನದಕ್ಕಿಂತ ಗಿಡ್ಡ. ಆ ಬೂಟು ನೋಡಿದ ಮೇಲೆ ಮುಖ ನೋಡುವ ಅಗತ್ಯವೇ ಬೀಳಲಿಲ್ಲ.

ಗಂಟಣ್ಣ. ಗಂಡನ ಹಳೆಯ ಜೊತೆಗಾರ. ಒಂದು ಕಾಲಕ್ಕೆ ಈ ಮನೆಯ ಬಾಗಿಲು ತಟ್ಟದೆ ಒಳಗೆ ಬರುತ್ತಿದ್ದವನು, ತನ್ನ ಪಾದದ ಅರ್ಧ ಹೋದ ಮೇಲೆ ಈ ಬೀದಿಗೇ ಬಂದಿರಲಿಲ್ಲ.

ಬಂದವರು ಯಾರೋ ಹೊರಗೆ ಹೋಗಿ ಅವನನ್ನು ಒಳಗೆ ಕರೆದರು. ಅವನು ತಲೆಯಾಡಿಸಿ ಅಲ್ಲೇ ನಿಂತ. ಇವನು ಸ್ಮಶಾನದವರೆಗೆ ಬರುತ್ತಾನೆ, ಅಲ್ಲಿಂದ ಹಾಗೇ ಹೊರಟುಹೋಗುತ್ತಾನೆ ಎಂದು ಆಕೆಗೆ ತಿಳಿದುಹೋಯಿತು. ಹೋದರೆ ಆಮೇಲೆ ಇವನಿಗೆ ನಿಜ ಹೇಳಲು ಯಾವ ನೆಪವೂ ಉಳಿಯುವುದಿಲ್ಲ. ಹೇಳಬೇಕೆಂದರೆ ಇವತ್ತೇ. ಹೇಳಬಾರದೆಂದು ಮಾತು ಕೊಟ್ಟದ್ದು ಪೆಟ್ಟಿಗೆಯಲ್ಲಿ ಮಲಗಿದವನಿಗೆ. ಕೊಟ್ಟ ಮಾತು ಅವನ ಜೊತೆ ಮಣ್ಣಿಗೆ ಹೋಗುತ್ತದೋ, ಇಲ್ಲಿ ಉಳಿದವರ ಕೊರಳಿಗೆ ಇರುತ್ತದೋ, ಆಕೆಗೆ ಬಗೆಹರಿಯಲಿಲ್ಲ.

* * *

ಮದುವೆಯಾದ ಹೊಸದರಲ್ಲಿ ಗಂಡ ಮಾಡುವ ಕೆಲಸವೇನೆಂದು ಆಕೆಗೆ ಸರಿಯಾಗಿ ಗೊತ್ತಿರಲಿಲ್ಲ. ಒಂದು ಸಂಜೆ ಕೇಳಿದಾಗ ಆತ ಅಡುಗೆಮನೆಯಿಂದ ಎರಡು ಲೋಟ ತಂದು, ದೊಡ್ಡದರೊಳಗೆ ಸಣ್ಣದನ್ನು ಇಳಿಸಿ, ಹೊರಗಿನದನ್ನು ಮಾತ್ರ ಗರಗರ ತಿರುಗಿಸಿದ್ದ.

ಯಂತ್ರದ ಮೇಲರ್ಧ ಸುತ್ತುತ್ತದೆ, ಕೆಳಗಿನ ಅರ್ಧ ಸುತ್ತುವುದಿಲ್ಲ ಎಂದು ವಿವರಿಸಿದ್ದ. ಪಂಪು ಇರುವುದು ಮೇಲೆ, ಗಾಲಿಯ ಬದಲು ಉರುಳುವ ಉಕ್ಕಿನ ಪಟ್ಟಿ, ಅಂದರೆ ಟ್ರ್ಯಾಕು, ಇರುವುದು ಕೆಳಗೆ. ಎಣ್ಣೆ ಮೇಲಿನಿಂದ ಕೆಳಕ್ಕೆ ಇಳಿಯಲೇಬೇಕು. ಪೈಪನ್ನು ನೇರವಾಗಿ ಎಳೆದುಬಿಟ್ಟರೆ ಯಂತ್ರ ಒಂದೆರಡು ಸುತ್ತು ಹಾಕುವುದರೊಳಗೆ ತಿರುಚಿ ಹರಿದುಹೋಗುತ್ತದೆ. ಅದಕ್ಕೇ ನಡುವೆ ಈ ಲೋಟದೊಳಗಿನ ಲೋಟ. ಅದರ ಹೆಸರು ಸ್ವಿವೆಲ್. ಎಡ ಟ್ರ್ಯಾಕು ಮುಂದಕ್ಕೆ ಹೋಗಲು ಒಂದು ದಾರಿ, ಹಿಂದಕ್ಕೆ ಹೋಗಲು ಒಂದು, ಬಲಕ್ಕೂ ಹಾಗೇ. ದಾರಿ ದಾರಿಯ ನಡುವೆ ಸೀಲು ಎಂಬ ಬಳೆ. ಆ ಬಳೆ ಸವೆದರೆ ಎಣ್ಣೆ ತನ್ನ ದಾರಿ ಬಿಟ್ಟು ಪಕ್ಕದ ದಾರಿಗೆ ಜಾರಿಕೊಳ್ಳುತ್ತದೆ.

"ಹೊರಗೆ ಒಂದು ತೊಟ್ಟೂ ಕಾಣಲ್ಲ," ಎಂದಿದ್ದ. "ಗಾಡಿ ಸೋಲುತ್ತೆ ಅಷ್ಟೇ. ಎಲ್ರೂ ಮೋಟಾರು ಹೋಯ್ತು, ಪಂಪು ಹೋಯ್ತು ಅಂತ ಕೂಗಾಡ್ತಾರೆ. ತಪ್ಪೆಲ್ಲ ನಡುವೆ ಇರೋನದ್ದು. ಅತ್ತೆ ಸೊಸೆ ಮಧ್ಯೆ ನಾನಿದ್ದ ಹಾಗೆ ಅಂದ್ಕೊ."

"ಕೇಳಿಸ್ತು ಕಣೋ," ಎಂದರು ಒಳಕೋಣೆಯಿಂದ ಅತ್ತೆ.

ಇನ್ನೊಂದು ವಿಷಯ ಆಕೆಗೆ ತಿಳಿದದ್ದು ಮಗಳು ಕೈಗೂಸಾಗಿದ್ದಾಗ. ಕೂಸಿಗೆ ಮೈ ಬಿಸಿಯಾಗಿತ್ತು. ಆಕೆ ನೀರು ಹಿಡಿದು ಬರುವಷ್ಟರಲ್ಲಿ ಗಂಡ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಸ್ವಲ್ಪ ಕಾವು ಇದೆ ಅಷ್ಟೇ, ಬೇರೇನೂ ಕಾಣುತ್ತಿಲ್ಲ ಎಂದ. ಕೂಸಿನ ಎದೆ, ಹೊಟ್ಟೆ, ಕೆನ್ನೆಯೆಲ್ಲ ಕೆಂಪು ಗುಳ್ಳೆ ಎದ್ದು ಧಗಧಗ ಎನ್ನುತ್ತಿತ್ತು. ಆಕೆ ಕೂಸನ್ನು ನೋಡಿದಳು, ಗಂಡನನ್ನು ನೋಡಿದಳು. ಆತ ತಲೆ ತಗ್ಗಿಸಿದ. ಕೆಂಪೂ ಹಸಿರೂ ತನ್ನ ಕಣ್ಣಿಗೆ ಒಂದೇ, ಎರಡೂ ಒಣಗಿದ ಮಣ್ಣಿನ ಹಾಗೆ ಕಾಣುತ್ತವೆ ಎಂದು ಆವತ್ತು ಮೊದಲ ಸಲ ಬಾಯಿಬಿಟ್ಟ.

"ಯಾರ ಹತ್ರಾನೂ ಹೇಳಬೇಡ. ಬಣ್ಣ ಕಾಣದವನ ಕೈಗೆ ಗಾಡಿ ಯಾರು ಕೊಡ್ತಾರೆ?"

ಆಕೆ ಹೇಳುವುದಿಲ್ಲ ಎಂದಳು. ಆದರೆ ಶೆಡ್ಡಿನಲ್ಲಿ ಪೈಪುಗಳಿಗೆ ಗುರುತಿಗೆಂದು ಬಣ್ಣದ ಟೇಪು ಸುತ್ತುತ್ತಾರೆಂದು ಕೇಳಿದ್ದಳು. ಹಾಗಾದರೆ ನೀವು ಹೇಗೆ ಮಾಡುತ್ತೀರಿ ಎಂದು ಕೇಳಿದಾಗ ಆತನ ಮುಖ ಅರಳಿತು. ತನ್ನ ಅದೃಷ್ಟ ದೊಡ್ಡದು ಎಂದ. ಜೊತೆಗಾರನಿಗೆ ಗಂಟಿನ ಹುಚ್ಚಂತೆ. ಟೇಪು ಎಣ್ಣೆಗೆ ನಿಲ್ಲುವುದಿಲ್ಲ ಎಂದು ಎಲ್ಲರ ಜೊತೆ ಜಗಳ ತೆಗೆದು, ಪೈಪು ಬಿಚ್ಚುವ ಮೊದಲು ಪ್ರತಿಯೊಂದಕ್ಕೂ ಬಟ್ಟೆಯ ಚಿಂದಿ ಕಟ್ಟಿಸುತ್ತಾನಂತೆ. ಎಡಕ್ಕೆ ಅಗಲದ ಚಿಂದಿ, ಬಲಕ್ಕೆ ಸಣ್ಣದು. ಮುಂದಕ್ಕೆ ಒಂದು ಗಂಟು, ಹಿಂದಕ್ಕೆ ಎರಡು. ಶೆಡ್ಡಿನವರು ನಕ್ಕು ನಕ್ಕು ಅವನಿಗೆ ಗಂಟಣ್ಣ ಎಂದೇ ಹೆಸರಿಟ್ಟಿದ್ದಾರಂತೆ.

"ಅವನ ಹುಚ್ಚು ನನಗೆ ಕಣ್ಣಾಗಿದೆ ನೋಡು," ಎಂದ.

ಅಲ್ಲಿಂದ ಮುಂದೆ ಆಕೆ ಮನೆಯ ಹಳೆಯ ಬಟ್ಟೆಯನ್ನೆಲ್ಲ ಹರಿದು, ಅಗಲದ್ದು ಬೇರೆ, ಸಣ್ಣದು ಬೇರೆ ಮಾಡಿ, ಊಟದ ಡಬ್ಬಿಯ ಜೊತೆ ಕಳಿಸತೊಡಗಿದಳು.

* * *

ಪೆಟ್ಟಿಗೆ ಗಾಡಿಗೆ ಏರಿತು. ಆಕೆ ಮಗಳ ಪಕ್ಕದಲ್ಲಿ ಕೂತಳು. ಹಿಂದೆ ಯಂತ್ರದ ಡ್ರೈವರುಗಳು, ಮೆಕ್ಯಾನಿಕ್ಕುಗಳು, ಬಿಡಿಭಾಗದ ಅಂಗಡಿಯವರು, ಬೈಕುಗಳಲ್ಲಿ ನಿಧಾನವಾಗಿ ಬರುತ್ತಿದ್ದರು. ತಿರುವಿನಲ್ಲಿ ಗಾಡಿ ನಿಂತಾಗ ಹಿಂದಿನಿಂದ ಮಾತು ತೇಲಿಬಂತು. ಒಬ್ಬ, ಇಂಥ ಕೈ ಇನ್ನು ಹುಟ್ಟುವುದಿಲ್ಲ ಎಂದ. ಇನ್ನೊಬ್ಬ, ಕೈ ಚೆನ್ನಾಗಿತ್ತು, ಆವತ್ತೊಂದು ದಿನ ಬಾಟಲಿ ಮುಟ್ಟದೆ ಇದ್ದಿದ್ದರೆ ಗಂಟಣ್ಣನ ಕಾಲು ಉಳಿಯುತ್ತಿತ್ತು ಎಂದ. ಮೆಲ್ಲಗೆ ಎಂದು ಮತ್ಯಾರೋ ಗದರಿದರು. ಮಗಳು ಕಿಟಕಿಯ ಗಾಜು ಏರಿಸಿದಳು.

* * *

ಅದು ಕಾಲುವೆ ಅಗೆಯುತ್ತಿದ್ದ ಕಡೆ ಆದದ್ದು. ಹೊಸದಾಗಿ ಬಂದ ಮೇಲ್ವಿಚಾರಕನಿಗೆ ಯಂತ್ರದ ಹೊಟ್ಟೆಯ ತುಂಬ ಚಿಂದಿ ನೇತಾಡುವುದು ಸರಿಬರಲಿಲ್ಲ. ಎಲ್ಲ ಬಿಚ್ಚಿ ಎಸೆದು, ಪೈಪುಗಳಿಗೂ ಅವು ಕೂರುವ ಬಾಯಿಗಳಿಗೂ ತಾನೇ ನಿಂತು ಅಚ್ಚುಕಟ್ಟಾಗಿ ಬಣ್ಣ ಬಳಿಸಿದ. ಮುಂದಕ್ಕೆ ಕೆಂಪು, ಹಿಂದಕ್ಕೆ ಹಸಿರು. ಗಂಟಣ್ಣ ಕಾಲುವೆಯ ಆಚೆ ದಡದಲ್ಲಿ ಇನ್ನೊಂದು ಯಂತ್ರ ನೋಡಲು ಹೋಗಿದ್ದ. ಸೀಲು ಬದಲಾಯಿಸಿದ ಸ್ವಿವೆಲ್ಲಿಗೆ ಮೇಸ್ತ್ರಿ ಒಬ್ಬನೇ ಪೈಪು ಕೂರಿಸಿದ. ನನಗೆ ಬಣ್ಣ ತಿಳಿಯುವುದಿಲ್ಲ, ಯಾರಾದರೂ ನೋಡಿ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ನೆನಪಿನ ಮೇಲೆ ಕೂರಿಸಿದ. ಎಡಗಡೆಯ ಎರಡು ಪೈಪು ಅದಲುಬದಲಾದವು.

ತಾನೇ ಕ್ಯಾಬಿನ್ನಿಗೆ ಏರಿ ಎರಡೂ ಪೆಡಲು ಒತ್ತಿದ. ಬಲ ಟ್ರ್ಯಾಕು ಮುಂದಕ್ಕೆ ಹೋಯಿತು, ಎಡ ಟ್ರ್ಯಾಕು ಹಿಂದಕ್ಕೆ. ನೇರ ಹೋಗಬೇಕಾದ ಯಂತ್ರ ನಿಂತಲ್ಲೇ ಗಿರಕಿ ಹೊಡೆಯಿತು. ಕೆಲಸ ಮುಗಿಯಿತೇನೋ ಎಂದು ಕೇಳಲು ಎಡಬದಿಯಿಂದ ಹತ್ತಿರ ಬರುತ್ತಿದ್ದ ಗಂಟಣ್ಣನಿಗೆ ಹಿಂದೆ ಸರಿಯಲು ಹೊತ್ತೇ ಸಿಗಲಿಲ್ಲ.

ಆಸ್ಪತ್ರೆಗೆ ಆಕೆಯೇ ದಿನಾ ಊಟ ತೆಗೆದುಕೊಂಡು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಗಂಡನೂ ಜೊತೆಗಿದ್ದ. ಆಕೆ ತಟ್ಟೆ ತೊಳೆಯುತ್ತಿದ್ದಾಗ ಗಂಟಣ್ಣ ಹಾಸಿಗೆಯಿಂದ ಕೇಳಿದ.

"ಏನಾಯ್ತು ಅವತ್ತು? ನನಗಾದ್ರೂ ನಿಜ ಹೇಳು."

ಗಂಡ ಕಿಟಕಿಯ ಕಡೆ ನೋಡಿದ. "ಗಮನ ಇರಲಿಲ್ಲ."

ಗಂಟಣ್ಣ ಗೋಡೆಯ ಕಡೆ ಹೊರಳಿದ. ಅಷ್ಟೇ ನಡೆದದ್ದು. ಅವರಿಬ್ಬರೂ ಮಾತಾಡಿದ್ದು ಅದೇ ಕೊನೆ. ಕಾಲು ವಾಸಿಯಾದ ಮೇಲೆ ಗಂಟಣ್ಣ ಊರಿನ ಇನ್ನೊಂದು ತುದಿಯಲ್ಲಿ ಬೇರೆ ಶೆಡ್ಡು ಹಾಕಿಕೊಂಡ. ಗಮನ ಯಾಕಿರಲಿಲ್ಲ ಎಂಬುದಕ್ಕೆ ಜನ ತಾವೇ ಕಾರಣ ಕಟ್ಟಿದರು. ಕುಡಿದಿದ್ದ ಎಂದರು. ಜೀವಮಾನದಲ್ಲಿ ಕುಡಿಯದ ಮನುಷ್ಯ ಅದನ್ನೂ ಅಲ್ಲವೆನ್ನಲಿಲ್ಲ. ಆಕೆ ತಡೆಯಲಾಗದೆ ಕೇಳಿದಾಗ ಗಂಡ ಹೇಳಿದ್ದ: "ಕುಡುಕ ಇವತ್ತಲ್ಲ ನಾಳೆ ಬಿಡ್ತಾನೆ ಅಂತ ಜನ ಕೆಲಸ ಕೊಡ್ತಾರೆ ಕಣೆ. ಇದನ್ನ ಬಿಡೋಕೆ ಬರುತ್ತಾ?"

ಅವತ್ತಿನಿಂದ ಯಾವ ಯಂತ್ರ ಪರೀಕ್ಷೆ ಮಾಡುವಾಗಲೂ ಹತ್ತಿರ ಒಂದು ನಾಯಿ ಕೂಡ ಸುಳಿಯದಂತೆ ನೋಡಿಕೊಳ್ಳುತ್ತಿದ್ದ. ಮಗಳು ಓದು ಮುಗಿಸಿ, ಬೇರೆಲ್ಲೂ ಮನಸ್ಸು ನಿಲ್ಲದೆ ತಾನೂ ಶೆಡ್ಡಿಗೆ ಬರುತ್ತೇನೆ ಎಂದಾಗ, ಮೊದಲು ಕಲಿಸಿದ್ದು ಚಿಂದಿ ಕಟ್ಟುವುದನ್ನು.

* * *

ಗಾಡಿ ಸ್ಮಶಾನದ ಹತ್ತಿರ ಹೋಗಿ ನಿಂತಿತು. ಇಳಿದು ನೋಡಿದರೆ ಬಾಗಿಲಿಗೆ ಅಡ್ಡವಾಗಿ ಅಗೆಯುವ ಯಂತ್ರವೊಂದು ಕೂತಿತ್ತು. ಬೆಳಗ್ಗೆ ಮೇಸ್ತ್ರಿಗೆ ಗುಂಡಿ ತೋಡಿದ ಯಂತ್ರ ಅದೇ. ಕೆಲಸ ಮುಗಿಸಿ ಹೊರಗೆ ಬರುವಾಗ ಎಡಕ್ಕೆ ಎಳೆದು, ಬಾಗಿಲ ಕಂಬಕ್ಕೆ ಮೂತಿ ಕೊಟ್ಟು ನಿಂತುಬಿಟ್ಟಿತ್ತು. ಇಕ್ಕೆಲದಲ್ಲೂ ಆಳೆತ್ತರದ ಗೋಡೆ. ಪೆಟ್ಟಿಗೆ ಇರಲಿ, ಒಬ್ಬ ಮನುಷ್ಯ ಅಡ್ಡ ತಿರುಗಿ ತೂರಲೂ ಜಾಗವಿರಲಿಲ್ಲ.

ಗುಂಡಗಿನ ಡ್ರೈವರ್ ಅಳುವ ಹಾಗಾಗಿದ್ದ. ಮುಂದಕ್ಕೆ ಒತ್ತಿದರೆ ಎಡ ಟ್ರ್ಯಾಕು ಸೋಲುತ್ತದೆ, ಹಿಂದಕ್ಕೆ ಒತ್ತಿದರೆ ಸರಿಯಾಗೇ ಹೋಗುತ್ತದೆ ಎಂದ. ಹಿಂದಕ್ಕೇ ಹೋಗು ಎಂದರು ಯಾರೋ. ಹಿಂದೆ ಇರುವುದು ಗುಂಡಿ ಎಂದ ಡ್ರೈವರ್.

"ಮೇಸ್ತ್ರಿ ಹೊರಡೋ ಹೊತ್ತಲ್ಲೂ ಕೆಲಸ ಇಟ್ಕೊಂಡೇ ಹೊರಟಿದ್ದಾನೆ," ಎಂದ ಒಬ್ಬ ಮುದಿ ಡ್ರೈವರ್. ಒಂದಿಬ್ಬರು ನಕ್ಕು, ಆಕೆಯನ್ನು ನೋಡಿ ನಿಲ್ಲಿಸಿದರು. ನಗಲಿ ಎಂದುಕೊಂಡಳು ಆಕೆ. ಕೇಳಿದ್ದರೆ ಆತನೂ ನಗುತ್ತಿದ್ದ.

ಆಮೇಲೆ ಎಲ್ಲರೂ ವೈದ್ಯರೇ. ಮೋಟಾರು ಎಂದ ಒಬ್ಬ, ಪಂಪು ಎಂದ ಇನ್ನೊಬ್ಬ. ಅಗೆಯುವ ಬಕೆಟ್ಟನ್ನು ಪಕ್ಕದ ನೆಲಕ್ಕೆ ಊರಿ, ಯಂತ್ರ ತನ್ನನ್ನು ತಾನೇ ಎಳೆದುಕೊಳ್ಳಲಿ ಎಂದ ಮತ್ತೊಬ್ಬ. ಸ್ಮಶಾನದ ಕಾವಲಿನ ಮುದುಕ ಕೈ ಅಗಲಿಸಿ ಅಡ್ಡ ನಿಂತ. ಅಲ್ಲಿ ಮಲಗಿರುವವರು ನಿಮಗೇನು ಅನ್ಯಾಯ ಮಾಡಿದ್ದಾರೆ, ಊರುವುದಾದರೆ ನನ್ನ ಮೇಲೆ ಊರಿ ಎಂದ.

ಮಗಳು ಅಷ್ಟರಲ್ಲಿ ಚಪ್ಪಲಿ ಕಳಚಿ, ತೋಳು ಮಡಿಸಿ ಯಂತ್ರ ಏರಿದ್ದಳು. ಸ್ಪ್ಯಾನರ್ ಕೇಳಿದಳು. ಸಾವಿಗೆ ಬಂದವರ ಬೈಕುಗಳಲ್ಲಿ ಹೂವಿಗಿಂತ ಸ್ಪ್ಯಾನರೇ ಹೆಚ್ಚಿದ್ದವು. ಎಡ ಟ್ರ್ಯಾಕು ಮುಂದಕ್ಕೆ ಹೋಗುವ ಪೈಪನ್ನು ಸ್ವಿವೆಲ್ಲಿನ ತಲೆಯ ಹತ್ತಿರ ಬಿಚ್ಚಿ, ಬಿರಡೆ ಬಿಗಿದು, ಡ್ರೈವರಿಗೆ ಪೆಡಲು ಒತ್ತಲು ಹೇಳಿದಳು. ಎಂಜಿನ್ ಭಾರ ಬಿದ್ದು ತಿಣುಕಿತು. ಹಾಗಾದರೆ ಪಂಪಿನಿಂದ ಇಲ್ಲಿಯವರೆಗೆ ಎಲ್ಲ ಚೆನ್ನಾಗಿದೆ. ಪೈಪು ಮತ್ತೆ ಕೂರಿಸಿ, ಯಂತ್ರದ ಹೊಟ್ಟೆಯಡಿ ತೂರಿ, ಅದೇ ದಾರಿ ಸ್ವಿವೆಲ್ಲಿನಿಂದ ಹೊರಬೀಳುವಲ್ಲಿ ಬಿರಡೆ ಹಾಕಿದಳು. ಮತ್ತೆ ಒತ್ತು ಎಂದಳು. ಎಣ್ಣೆಗೆ ಹೊರದಾರಿ ಇಲ್ಲ, ಎಂಜಿನ್ ತಿಣುಕಲೇಬೇಕು. ತಿಣುಕಲಿಲ್ಲ. ಹಾಯಾಗಿ ಓಡುತ್ತಿತ್ತು.

"ನಡುವೆ ಜಾರ್ತಿದೆ," ಎಂದಳು ಮಗಳು ಅಡಿಯಿಂದ. "ಸ್ವಿವೆಲ್. ಮುಂದಿನ ದಾರಿ ಸೀಲು ಹೋಗಿದೆ."

ಮೋಟಾರು ಎಂದವನು, ತನಗೂ ಹಾಗೇ ಅನ್ನಿಸಿತ್ತು ಎಂದ.

ಸೀಲು ಬದಲಾಯಿಸಲು ಸ್ವಿವೆಲ್ಲನ್ನೇ ಎತ್ತಿ ತೆಗೆಯಬೇಕು. ಅಷ್ಟು ಹೊತ್ತು ಪೆಟ್ಟಿಗೆ ಬಿಸಿಲಲ್ಲಿ ಕಾಯುವಂತಿಲ್ಲ. ಮಗಳು ಇನ್ನೊಂದು ಉಪಾಯ ಹೇಳಿದಳು. ಹಿಂದಕ್ಕೆ ಹೋಗುವ ದಾರಿ ಗಟ್ಟಿಯಾಗಿದೆ. ಎಡಗಡೆಯ ಎರಡು ಪೈಪನ್ನು ಸ್ವಿವೆಲ್ಲಿನ ಮೇಲೂ ಅದಲುಬದಲು ಮಾಡಿ, ಕೆಳಗೂ ಅದಲುಬದಲು ಮಾಡಿದರೆ, ಮುಂದಕ್ಕೆ ಹೋಗುವ ಎಣ್ಣೆ ಗಟ್ಟಿ ದಾರಿಯಲ್ಲಿ ಹಾದು ಮತ್ತೆ ಸರಿಯಾದ ಜಾಗಕ್ಕೇ ತಲುಪುತ್ತದೆ. ಹಿಂದಕ್ಕೆ ಸೋಲುತ್ತದೆ, ಸೋಲಲಿ. ಈಗ ಬೇಕಿರುವುದು ಮುಂದಕ್ಕೆ.

"ಎರಡು ಕಡೆ ಬದಲಾದ್ರೆ ಸರಿ," ಎಂದ ಮುದಿ ಡ್ರೈವರ್ ತಗ್ಗಿದ ದನಿಯಲ್ಲಿ. "ಒಂದೇ ಕಡೆ ಆದ್ರೆ ಗಿರಕಿ ಹೊಡೆಯುತ್ತೆ. ಅವತ್ತು ಆದ ಹಾಗೆ."

ಎಲ್ಲರ ಕಣ್ಣು ಗುಂಪಿನ ಹಿಂದೆ ಒಬ್ಬನೇ ನಿಂತಿದ್ದವನ ಕಡೆ ತಿರುಗಿದವು. ಗಂಟಣ್ಣ ಊರುಗೋಲು ಊರುತ್ತ ಮುಂದೆ ಬಂದ. ಜನ ದಾರಿ ಬಿಟ್ಟರು. ಯಂತ್ರದ ಹತ್ತಿರ ಬಂದವನು ಆಕೆಯನ್ನು ನೋಡಲಿಲ್ಲ. ಹೊಟ್ಟೆಯಡಿ ಮಲಗಿದ್ದ ಮಗಳಿಗೆ ಹೇಳಿದ.

"ಗುರುತು ಹಾಕದೆ ಒಂದನ್ನೂ ಬಿಚ್ಚಬೇಡ."

"ಬಟ್ಟೆ ಇಲ್ಲ ಚಿಕ್ಕಪ್ಪ."

ಆ ಚಿಕ್ಕಪ್ಪ ಎಂಬ ಮಾತು ಅವಳ ಬಾಯಿಂದ ಎಷ್ಟೋ ವರ್ಷದ ಮೇಲೆ ಬಂದದ್ದು. ಎಲ್ಲೂ ತೊಡಕದೆ ಬಂತು.

ಆಕೆ ಹೊದ್ದಿದ್ದ ಶಾಲು ತೆಗೆದು, ಅಂಚಿಗೆ ಹಲ್ಲು ಕೊಟ್ಟು ಪರ್ರನೆ ಹರಿದಳು. ಅಗಲ ಎಷ್ಟಿರಬೇಕೆಂದು ಕೈ ಇನ್ನೂ ಮರೆತಿರಲಿಲ್ಲ. ಗಂಟಣ್ಣ ಟ್ರ್ಯಾಕಿನ ಮೇಲೆ ಏರಿ ಕೂತು, ತೆರೆದ ಮುಚ್ಚಳದೊಳಗೆ ಕೈಹಾಕಿ, ತಾ ಎನ್ನುವಂತೆ ಇನ್ನೊಂದು ಕೈ ಕೆಳಗೆ ಚಾಚಿದ. ಆಕೆ ಚಿಂದಿ ಕೊಟ್ಟಳು. ಜನರನ್ನೆಲ್ಲ ಕಾವಲಿನ ಮುದುಕ ದೂರ ಅಟ್ಟಿದ್ದ. ಅಲ್ಲಿದ್ದದ್ದು ಅವರಿಬ್ಬರೇ, ಅಡಿಯಲ್ಲಿ ಮಗಳು.

ಹೇಳುವುದಾದರೆ ಈಗ. ಗಾಡಿಯೊಳಗಿನ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ ಆಕೆ ಬಾಯಿಬಿಟ್ಟಳು.

"ನಿಮಗೊಂದು ಮಾತು ಹೇಳಬೇಕಿತ್ತು. ಅವತ್ತು ಅವರು ಕುಡಿದಿರಲಿಲ್ಲ. ಗಮನಾನೂ ತಪ್ಪಿರಲಿಲ್ಲ. ಅವರಿಗೆ..."

"ಬಣ್ಣ ಕಾಣ್ತಿರಲಿಲ್ಲ," ಎಂದ ಗಂಟಣ್ಣ. ಕೈ ಗಂಟು ಹಾಕುತ್ತಲೇ ಇತ್ತು. "ಅಗಲದ್ದು ಇನ್ನೊಂದು ಕೊಡಿ ಅತ್ತಿಗೆ."

ಆಕೆ ಕೊಡಲಿಲ್ಲ. ಚಿಂದಿ ಕೈಯಲ್ಲೇ ಉಳಿಯಿತು. ಯಾರು ಹೇಳಿದರು ಎಂದು ಕೇಳಿದಳು.

"ಯಾರು ಹೇಳಬೇಕು? ಜೊತೆಗೆ ಕೆಲಸ ಶುರು ಮಾಡಿದ ಹೊಸದರಲ್ಲೇ ಗೊತ್ತಾಯ್ತು. ಕೆಂಪು ಟೇಪಿನ ಪೈಪು ಕೊಡು ಅಂದ್ರೆ ಮೊದಲು ನನ್ನ ಮುಖ ನೋಡೋನು. ನನ್ನ ಕಣ್ಣು ಯಾವ ಕಡೆ ಹೋಗುತ್ತೋ ಆ ಪೈಪು ಎತ್ತೋನು. ನಿನಗೆ ಕಾಣಲ್ವಾ ಅಂದ್ರೆ ಮಾರನೇ ದಿನದಿಂದ ಕೆಲಸಕ್ಕೇ ಬರ್ತಿರಲಿಲ್ಲ. ಅಷ್ಟು ಮಾನಸ್ಥ. ಅದಕ್ಕೆ ಟೇಪಿನ ಮೇಲೆ ಜಗಳ ತೆಗೆದೆ." ಅವನು ಉಸಿರು ತೆಗೆದುಕೊಂಡ. "ನನಗೇನು ಅತ್ತಿಗೆ ಗಂಟಿನ ಹುಚ್ಚು? ಬೂಟಿನ ದಾರ ಕಟ್ಟೋಕೂ ಸೋಮಾರಿ ನಾನು."

ಆಕೆ ಟ್ರ್ಯಾಕಿನ ಉಕ್ಕಿನ ಮೇಲೆ ಕೈಯೂರಿದಳು. ಬಿಸಿಲಿಗೆ ಕಾದಿತ್ತು. ಆದರೂ ಕೈ ತೆಗೆಯಲಿಲ್ಲ.

"ಮತ್ತೆ ಯಾಕೆ ಬರಲಿಲ್ಲ ನೀವು?"

"ಕಾಲಿಗೋಸ್ಕರ ಅಲ್ಲ." ಈಗ ಅವನ ಕೈ ನಿಂತಿತು. "ಆಸ್ಪತ್ರೆಲಿ ಕೇಳ್ದೆ. ನೀವೂ ಇದ್ರಿ. ಕಾಲು ಕಳ್ಕೊಂಡವನಿಗೂ ಹೇಳಬಾರದಂಥ ಗುಟ್ಟಾ ಅದು? ಊರಿಗೆ ಹೇಳಿದ ಸುಳ್ಳನ್ನೇ ನನಗೂ ಹೇಳ್ದ. ಅವನಾಗಿ ಬಂದು ಹೇಳ್ಲಿ ಅಂತ ಕಾದೆ. ನಂಗೆ ಗೊತ್ತು ಕಣೋ ಅಂತ ನಾನೇ ಹೋಗಿ ಅನ್ನಬಹುದಿತ್ತು. ಇವತ್ತು ಹೋಗೋಣ, ನಾಳೆ ಹೋಗೋಣ. ಹೀಗೇ ಆಯ್ತು."

ಗೊತ್ತಿದ್ದವನಿಂದ ಬಚ್ಚಿಡಲು ಆತ ಪಟ್ಟ ಪಾಡೆಲ್ಲ ಆಕೆಯ ಕಣ್ಣ ಮುಂದೆ ಬಂತು. ಬಚ್ಚಿಟ್ಟದ್ದು ಬಯಲಾಗಿತ್ತೆಂದು ಆತನಿಗೆ ಕೊನೆಗೂ ತಿಳಿಯಲಿಲ್ಲ. ಅದಕ್ಕೆ ಅಳಬೇಕೋ ನಗಬೇಕೋ ಆಕೆಗೆ ಗೊತ್ತಾಗಲಿಲ್ಲ.

"ನಿಮ್ಮ ಹುಚ್ಚು ತನ್ನ ಅದೃಷ್ಟ ಅಂತಿದ್ರು," ಎಂದಳು. "ಕೊನೆತನಕ ಹಾಗೇ ಅಂತಿದ್ರು."

"ಅದೃಷ್ಟ ಅಂತಿದ್ನಾ?"

ಅವನು ಮುಖ ಮುಚ್ಚಳದೊಳಗೆ ತೂರಿಸಿ, ಆಗಲೇ ಬಿಗಿಯಾಗಿದ್ದ ಗಂಟನ್ನು ಮತ್ತೆ ಬಿಗಿದ. ಬಹಳ ಹೊತ್ತು ಬಿಗಿದ. ಯಂತ್ರದ ಅಡಿಯಲ್ಲಿ ಸ್ಪ್ಯಾನರಿನ ಸದ್ದು ಯಾವಾಗಲೋ ನಿಂತುಹೋಗಿತ್ತು. ಕಡೆಗೆ ಅಲ್ಲಿಂದ ಮಗಳ ದನಿ ಬಂತು.

"ಚಿಕ್ಕಪ್ಪ, ಕೆಳಗಿನದಕ್ಕೂ ಎರಡು ಚಿಂದಿ ಕೊಡಿ."

ಆ ದನಿಯಲ್ಲಿ ಆಶ್ಚರ್ಯವೇ ಇರಲಿಲ್ಲ. ಇವಳಿಗೂ ಗೊತ್ತಿತ್ತು ಎಂದು ಆಕೆಗೆ ಹೊಳೆಯಿತು. ಎಷ್ಟು ವರ್ಷದಿಂದಲೋ. ಅಪ್ಪನಿಗೆ ತಿಳಿಯದ ಹಾಗೆ ಗೊತ್ತಿತ್ತು. ಆಕೆ ಬಗ್ಗಿ, ಕೈಯಲ್ಲಿದ್ದ ಚಿಂದಿಗಳನ್ನು ಮಗಳ ಕೈಗೆ ಕೊಟ್ಟಳು. ಮಗಳು ಒಂದು ಕ್ಷಣ ತಾಯಿಯ ಬೆರಳು ಹಿಡಿದು ಬಿಟ್ಟಳು.

ಪೈಪುಗಳು ಮೇಲೂ ಕೆಳಗೂ ಅದಲುಬದಲಾದವು. ಪ್ರತಿ ಗಂಟನ್ನೂ ಗಂಟಣ್ಣ ಮುಟ್ಟಿ ಎಣಿಸಿದ. ಆಮೇಲೆ ಕಣ್ಣು ಮುಚ್ಚಿ ಇನ್ನೊಂದು ಸಲ ಮುಟ್ಟಿ ಎಣಿಸಿದ. ಪೈಪು ಮುಟ್ಟಿದವರೇ ಮೊದಲು ಓಡಿಸಬೇಕೆಂಬುದು ಅವರ ಶೆಡ್ಡಿನ ಪದ್ಧತಿ. ಮಗಳೇ ಕ್ಯಾಬಿನ್ನಿಗೆ ಏರಿದಳು. ಗಂಟಣ್ಣ ಎಡ ಟ್ರ್ಯಾಕಿನ ಮುಂದೆಯೇ ಕೋಲೂರಿ ನಿಂತಿದ್ದ.

"ನೀವು ದೂರ ಹೋಗೋವರೆಗೂ ನಾನು ಸ್ಟಾರ್ಟ್ ಮಾಡಲ್ಲ ಚಿಕ್ಕಪ್ಪ."

"ನಿನ್ನ ಕೆಲಸದ ಮೇಲೆ ನನಗೆ ನಂಬಿಕೆ ಇದೆ."

"ನಂಬಿಕೆ ಅಲ್ಲೇ ನಿಂತು ಇಡಬೇಕಾ? ಗೋಡೆ ಹತ್ರ ಹೋಗಿ ಇಡಿ."

ಗಂಟಣ್ಣ ನಕ್ಕ. ಥೇಟು ಅಪ್ಪನ ಬಾಯಿ ಎಂದು ಗೊಣಗುತ್ತ ಗೋಡೆಯವರೆಗೆ ಕುಂಟಿಕೊಂಡು ಹೋದ. ಎಂಜಿನ್ ಗುಡುಗಿತು. ಬಲ ಟ್ರ್ಯಾಕಷ್ಟೇ ಒಂದು ಮೊಳ ಹಿಂದಕ್ಕೆ ಉರುಳಿ, ಯಂತ್ರ ಕಂಬದಿಂದ ಬಿಡಿಸಿಕೊಂಡಿತು. ಆಮೇಲೆ ಎರಡೂ ಟ್ರ್ಯಾಕು ಒಟ್ಟಿಗೆ ಉರುಳಿ, ಎಡಕ್ಕೂ ಎಳೆಯದೆ ಬಲಕ್ಕೂ ಎಳೆಯದೆ, ಬಾಗಿಲಿನ ನಡುವೆ ನೇರವಾಗಿ ಹೊರಗೆ ಬಂತು.

ಪೆಟ್ಟಿಗೆ ಇಳಿಸುವ ಹಗ್ಗಕ್ಕೆ ಒಂದು ಕೈ ಕಡಿಮೆ ಬಿತ್ತು. ಯಾರೂ ಕರೆಯದೆಯೇ ಗಂಟಣ್ಣ ಊರುಗೋಲನ್ನು ಕಾವಲಿನ ಮುದುಕನಿಗೆ ಕೊಟ್ಟು ಹಗ್ಗ ಹಿಡಿದ. ಊರುಗೋಲಿಲ್ಲದೆ ಎಡಕ್ಕೆ ವಾಲಿದ. ಅವನ ಪಕ್ಕದಲ್ಲಿದ್ದ ಮುದಿ ಡ್ರೈವರ್, ಯಾರಿಗೂ ಕಾಣದ ಹಾಗೆ, ಅವನ ಬೆನ್ನಿಗೆ ತನ್ನ ಭುಜ ಆನಿಸಿ ನಿಂತದ್ದು ಆಕೆಗೆ ಕಾಣಿಸಿತು. ಪೆಟ್ಟಿಗೆ ಓರೆಯಾಗದೆ ತಳ ಮುಟ್ಟಿತು.

* * *

ಸಂಜೆ ಮನೆ ತುಂಬ ಜನ. ಎದುರುಮನೆಯಾಕೆ ತನ್ನ ಮನೆಯಲ್ಲೇ ಎಲ್ಲರಿಗೂ ಅಡುಗೆ ಮಾಡಿ, ಪಾತ್ರೆಗಳನ್ನು ಹೊತ್ತು ತಂದು, ಬಡಿಸಲೂ ತಾನೇ ನಿಂತಿದ್ದಳು. ಆಕೆ ಸಾಲುಸಾಲಾಗಿ ಕೂತವರ ಮುಖ ನೋಡಿದಳು. ಗಂಟಣ್ಣ ಇರಲಿಲ್ಲ.

ಅವನು ಯಂತ್ರದ ಹತ್ತಿರವೇ ಉಳಿದಿದ್ದಾನೆ ಎಂದಳು ಮಗಳು. ಪೈಪು ಅದಲುಬದಲಾಗಿರುವುದು ತಿಳಿಯದವರು ಯಾರಾದರೂ ನಾಳೆ ಒಂದೇ ಕಡೆ ಸರಿಮಾಡಿದರೆ ಇನ್ನೊಬ್ಬರ ಕಾಲು ಹೋಗುತ್ತದೆ, ಸ್ವಿವೆಲ್ ಕೆಳಗಿಳಿಯುವವರೆಗೆ ಏಳುವುದಿಲ್ಲ ಎಂದನಂತೆ. ತಾನೂ ಬರುತ್ತೇನೆ ಎಂದದ್ದಕ್ಕೆ, ಇವತ್ತು ಅಮ್ಮನ ಹತ್ತಿರ ಇರು ಎಂದು ಗದರಿ ಕಳಿಸಿದನಂತೆ.

ಆಕೆ ಅಡುಗೆಮನೆಗೆ ಹೋಗಿ ಒಂದು ಡಬ್ಬಿಗೆ ಊಟ ತುಂಬಿಸಿಕೊಂಡಳು. ಎದುರುಮನೆಯಾಕೆ ಏನೂ ಕೇಳಲಿಲ್ಲ. ಇನ್ನೊಂದು ಸೌಟು ಬಿಸಿಯದನ್ನೇ ಹಾಕಿ ಮುಚ್ಚಳ ಒತ್ತಿದಳು. ಯಾರನ್ನೂ ಜೊತೆಗೆ ಕರೆಯದೆ ಆಕೆ ಹೊರಟಳು. ಇನ್ನೂ ಬೆಳಕಿತ್ತು.

ಸ್ಮಶಾನದ ಪಕ್ಕದ ಖಾಲಿ ಜಾಗದಲ್ಲಿ ಯಂತ್ರ ನಿಂತಿತ್ತು. ಡ್ರೈವರ್ ತೊಟ್ಟಿಯಲ್ಲಿ ಎಣ್ಣೆ ಹಿಡಿಯುತ್ತ ಆ ಬದಿಯಲ್ಲಿದ್ದ. ಈ ಬದಿಯಲ್ಲಿ ಟ್ರ್ಯಾಕಿಗೆ ಊರುಗೋಲು ಒರಗಿತ್ತು. ಅದರ ಪಕ್ಕ, ಯಂತ್ರದ ಅಡಿಯಿಂದ, ಒಂದು ಉದ್ದ ಬೂಟು ಒಂದು ಗಿಡ್ಡ ಬೂಟು ಹೊರಗೆ ಚಾಚಿದ್ದವು. ಆಕೆ ಸದ್ದು ಮಾಡದೆ ನೆಲದ ಮೇಲೆ ಕೂತಳು.

ಸ್ವಲ್ಪ ಹೊತ್ತಿಗೆ ಅಡಿಯಿಂದ ಒಂದು ಕೈ ಹೊರಬಂತು. ಮೊಣಕೈವರೆಗೂ ಎಣ್ಣೆ. ಅಂಗೈ ಮೇಲಾಗಿ ತೆರೆದುಕೊಂಡಿತು.

"ಸಣ್ಣ ಸ್ಪ್ಯಾನರ್ ಕೊಡಪ್ಪ," ಎಂದ ಗಂಟಣ್ಣ.

ಆಕೆ ಡಬ್ಬಿಯ ಮುಚ್ಚಳ ಸಡಿಲಿಸಿ ಅದನ್ನು ಆ ಅಂಗೈ ಮೇಲೆ ಇಟ್ಟಳು. ಕೈ ಹಾಗೇ ನಿಂತಿತು. ಬೆರಳುಗಳು ಡಬ್ಬಿಯ ಸುತ್ತ ಮೆಲ್ಲಗೆ ಮಡಿಸಿಕೊಂಡವು, ಬಿಸಿಯನ್ನು ಅರಿತವು. ಆಮೇಲೆ, ಒಂದು ಅಗುಳೂ ಚೆಲ್ಲದ ಹಾಗೆ, ಡಬ್ಬಿಯನ್ನು ನೆಟ್ಟಗೆ ಹಿಡಿದು, ಒಳಕ್ಕೆ ಎಳೆದುಕೊಂಡವು.